ಶಾಲೆಯ ಗೇಟಿನ ಹೊರಗಿದ್ದ ರಮಾಬಾಯಿ

ಸಂಜೆ ಆರಕ್ಕೆ ಜಗದೇವ ಫೋನು ಹಿಡಿದು ಬೋರಿನ ಕಟ್ಟೆಯ ಕಡೆ ನಡೆದನೆಂದರೆ, ಒಲೆಯ ಮುಂದೆ ಕುಳಿತ ರಮಾಬಾಯಿಯ ಕೈಯಲ್ಲಿ ರೊಟ್ಟಿ ಹರಿಯುತ್ತಿತ್ತು. ಕಣ್ಣು ಮುಚ್ಚಿಕೊಂಡು ರೊಟ್ಟಿ ಬಡಿಯಬಲ್ಲ ಹೆಂಗಸು ಅವಳು. ಊರಿನ ಸರಕಾರಿ ಶಾಲೆಯಲ್ಲಿ ಹದಿಮೂರು ವರ್ಷದಿಂದ ಬಿಸಿಯೂಟ ಬೇಯಿಸುತ್ತಿದ್ದವಳು. ಆದರೂ ಆ ಹತ್ತು ನಿಮಿಷ ಅವಳ ಧ್ಯಾನವೆಲ್ಲ ಬೋರಿನ ಕಟ್ಟೆಯ ಮೇಲೆ. ಮಾತು ಮನೆಯತನಕ ಕೇಳಿಸುತ್ತಿರಲಿಲ್ಲ, ಗಂಡನ ನಗು ಮಾತ್ರ ಕೇಳಿಸುತ್ತಿತ್ತು. ಮನೆಯಲ್ಲಿ ಅವನು ನಕ್ಕು ವರ್ಷಗಳೇ ಆಗಿದ್ದವು.

ಆಚೆ ಕಡೆಯಿಂದ ಮಾತಾಡುವವಳು ಜೇವರ್ಗಿಯ ಪಂಚಶೀಲಾ. ಅದನ್ನು ಜಗದೇವನೇ ಹೇಳಿದ್ದ. ಮುಚ್ಚಿಟ್ಟಿದ್ದರೆ ರಮಾಬಾಯಿಗೆ ಜಗಳ ತೆಗೆಯುವುದು ಸುಲಭವಾಗುತ್ತಿತ್ತು. ನಾಲ್ಕು ಜನ ಹಿರಿಯರನ್ನು ಕೂಡಿಸಿ ನ್ಯಾಯ ಕೇಳಬಹುದಿತ್ತು. ಎಲ್ಲರೂ ನೀರು ತುಂಬುವ ಜಾಗದಲ್ಲಿ ಬಹಿರಂಗವಾಗಿ ನಿಂತು, ತನ್ನನ್ನು ಅಣ್ಣಾ ಎಂದು ಕರೆಯುವ ಹೆಂಗಸಿನ ಜೊತೆ ಹತ್ತು ನಿಮಿಷ ಮಾತಾಡುವವನ ಮೇಲೆ ಯಾವ ಹಿರಿಯರು ಏನು ನ್ಯಾಯ ಹೇಳಿಯಾರು?

ರಮಾಬಾಯಿಯ ತವರು ಸರಸಂಬಾ. ನಾಲ್ಕು ಹೆಣ್ಣುಮಕ್ಕಳಲ್ಲಿ ಮೂರನೆಯವಳು. ಅಕ್ಕಂದಿರು ಉಟ್ಟುಬಿಟ್ಟ ಬಟ್ಟೆ ಉಟ್ಟು ಬೆಳೆದವಳು, ತಂಗಿಗೆ ಹೊಸ ಲಂಗ ಬಂದರೆ ಕೂತು ಗುಂಡಿ ಹಚ್ಚಿಕೊಟ್ಟವಳು. ಹೊಟ್ಟೆಕಿಚ್ಚು ತನ್ನ ಗುಣದಲ್ಲೇ ಇಲ್ಲವೆಂದು ಮೂವತ್ತಮೂರನೆಯ ವಯಸ್ಸಿನತನಕ ನಂಬಿದ್ದಳು. ಮದುವೆಯಾಗಿ ಬಂದದ್ದು ಖಜೂರಿಯ ರಸ್ತೆಗೆ ಹತ್ತಿಕೊಂಡ ಸಣ್ಣ ಊರಿಗೆ. ಅಲ್ಲಿನ ಅರ್ಧದಷ್ಟು ಗಂಡಸರು ವರ್ಷದಲ್ಲಿ ಎಂಟು ತಿಂಗಳು ಪುಣೆಯಲ್ಲೇ ಇರುತ್ತಿದ್ದರು. ಜಗದೇವ ಅಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಸ್ಲ್ಯಾಬ್ ಹಾಕುವ ಮೊದಲು ಹಲಗೆ, ಬಲ್ಲಿ ಎಂಬ ಆಸರೆ ಕಂಬ ಕಟ್ಟುವ ಕೆಲಸ. ಊರಿಗೆ ಬಂದಾಗ ಮನೆ ತುಂಬ ಅವನದೇ ಮಾತು. ಕೆಲಸ ಮಾಡಿಸುವ ಮುಕಾದಮ ಹೇಗೆ ಕೂಗುತ್ತಾನೆ, ಹನ್ನೊಂದನೆಯ ಮಹಡಿಯಿಂದ ಜನ ಹೇಗೆ ಕಾಣುತ್ತಾರೆ ಎಂದೆಲ್ಲ ನಟಿಸಿ ತೋರಿಸುತ್ತಿದ್ದ. ಅವಳು, ಮಗಳು ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದರು.

ಶಾಲೆಯ ಅಡಿಗೆ ಕೆಲಸ ರಮಾಬಾಯಿಗೆ ಸುಮ್ಮನೆ ಒಲಿದದ್ದಲ್ಲ. ಬೌದ್ಧರ ಹೆಂಗಸು ಬೇಯಿಸಿದ್ದನ್ನು ನಮ್ಮ ಮಕ್ಕಳು ಉಣ್ಣುವುದಿಲ್ಲವೆಂದು ಮೊದಲ ವರ್ಷ ಹತ್ತಾರು ಮನೆಯವರು ಡಬ್ಬಿ ಕಟ್ಟಿ ಕಳಿಸಿದರು. ಹೆಡ್‌ಮಾಸ್ತರು ದಿನಾ ಮಕ್ಕಳ ಸಾಲಿನಲ್ಲಿ ಕೂತು ಮೊದಲ ತುತ್ತು ತಾವೇ ಉಂಡರು. ಎರಡನೆಯ ವರ್ಷಕ್ಕೆ ಡಬ್ಬಿಗಳು ನಿಂತವು. ತನ್ನ ಕೈಯಡಿಗೆಯ ಬಗ್ಗೆ ಅವಳಿಗೆ ಅಭಿಮಾನ ಹುಟ್ಟಿದ್ದು ಅಲ್ಲಿಂದ.

ಎರಡು ಸಾವಿರದ ಇಪ್ಪತ್ತರ ಮೇ ತಿಂಗಳಲ್ಲಿ ಜಗದೇವ ಪುಣೆಯಿಂದ ಹೊರಟ. ಬಸ್ಸಿಲ್ಲ, ರೈಲಿಲ್ಲ. ಸ್ವಲ್ಪ ದೂರ ನಡೆದು, ಸ್ವಲ್ಪ ದೂರ ಉಳ್ಳಾಗಡ್ಡಿ ಲಾರಿಯಲ್ಲಿ ಕೂತು ಗಡಿಗೆ ಬಂದ. ಆ ಲಾರಿಯಿಂದ ಇಳಿದವರು ಹತ್ತೊಂಬತ್ತು ಜನ, ಒಬ್ಬೊಬ್ಬರದು ಒಂದೊಂದು ಊರು. ಯಾರನ್ನೂ ಮುಂದೆ ಬಿಡದೆ, ಹತ್ತಿರದ ಶಾಲೆಯೆಂದು ರಮಾಬಾಯಿಯ ಊರಿನ ಶಾಲೆಯಲ್ಲೇ ಕ್ವಾರಂಟೈನ್ ಮಾಡಿದರು. ಗೇಟಿಗೆ ಬೀಗ ಬಿತ್ತು. ಅವರಿಗೆ ಅಡಿಗೆ ಮಾಡಿ ಹಾಕುವ ಕೆಲಸ ರಮಾಬಾಯಿ ಮತ್ತು ಅವಳ ಜೊತೆಗಾರ್ತಿ ಭಾಗಮ್ಮನ ಪಾಲಿಗೆ ಬಂತು.

ಗಂಡ ತನ್ನ ಶಾಲೆಯಲ್ಲೇ ಇದ್ದಾನೆ, ತನ್ನ ಕೈಯೂಟ ಉಣ್ಣುತ್ತಾನೆ ಎಂದು ಅವಳಿಗೆ ಮೊದಲು ಸಮಾಧಾನವೇ ಆಯಿತು. ದಿನಕ್ಕೆ ಎರಡು ಸಲ ಪಾತ್ರೆಗಳನ್ನು ಗೇಟಿನ ಮುಂದೆ ಇಟ್ಟು, ಊಟ ಬಂತ್ರೀ ಎಂದು ಕೂಗಿ, ಇಪ್ಪತ್ತು ಹೆಜ್ಜೆ ಹಿಂದಕ್ಕೆ ಬಂದು ನಿಲ್ಲಬೇಕು. ಹೋಮ್‌ಗಾರ್ಡ್ ಬೀಗ ತೆಗೆದ ಮೇಲೆ ಒಳಗಿನಿಂದ ಇಬ್ಬರು ಬಾಯಿಗೆ ಟವೆಲ್ ಸುತ್ತಿಕೊಂಡು ಬಂದು ಎತ್ತಿಕೊಂಡು ಹೋಗುತ್ತಿದ್ದರು. ರೊಟ್ಟಿಯ ಮೇಲೆ ಅವಳು ಗಂಡನಿಗೆಂದು ಕಾಗದದಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಟ್ಟಿ ಇಡುತ್ತಿದ್ದಳು. ಹನ್ನೆರಡನೆಯ ದಿನ ಒಬ್ಬನಿಗೆ ಪಾಸಿಟಿವ್ ಬಂತು. ಅವನನ್ನು ಕಲಬುರಗಿಗೆ ಒಯ್ದರು, ಉಳಿದವರ ದಿನಗಳನ್ನು ಮತ್ತೆ ಒಂದರಿಂದ ಎಣಿಸತೊಡಗಿದರು. ಅವು ಮುಗಿದ ಮೇಲೂ ವರದಿ ಬರಲು ಐದು ದಿನ ಹಿಡಿದು, ಹದಿನಾಲ್ಕು ದಿನ ಇದ್ದದ್ದು ಮೂವತ್ತೊಂದಾಯಿತು. ಅಷ್ಟು ದಿನವೂ ಅವಳು ಗಂಡನನ್ನು ಗೇಟಿನ ಸರಳುಗಳ ನಡುವೆಯೇ ನೋಡಿದಳು. ಅವನ ಹಿಂದೆ ಒಮ್ಮೊಮ್ಮೆ ಹಳದಿ ಟವೆಲ್ ಸುತ್ತಿಕೊಂಡ ಒಬ್ಬ ತೆಳ್ಳನೆಯ ಹೆಂಗಸು ಕಾಣುತ್ತಿದ್ದಳು. ಆಗ ಅವಳ ಹೆಸರು ಕೇಳಬೇಕೆಂದೂ ರಮಾಬಾಯಿಗೆ ಅನಿಸಿರಲಿಲ್ಲ.

ಹೊರಗೆ ಬಂದ ಜಗದೇವ ಬೇರೆ ಮನುಷ್ಯ. ಮಗಳು ಓಡಿ ಬಂದರೆ ಎರಡು ಹೆಜ್ಜೆ ಹಿಂದೆ ಸರಿದ. ತಾಟು ತೆಗೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತು ಉಂಡ. ಬಾಗಿಲಿಗೆ ಚಿಲಕ ಹಾಕಬೇಡ, ಗಾಳಿ ಬೇಕು ಎಂದ. ಅದು ನಾಲ್ಕು ದಿನದ ಮಾತೆಂದು ಅವಳು ಸುಮ್ಮನಾದಳು. ನಾಲ್ಕು ವರ್ಷವಾದರೂ ಅವರ ಮನೆಯ ಚಿಲಕ ಬೀಳಲಿಲ್ಲ. ನಾಯಿ ಬಂದು ಎರಡು ಸಲ ರೊಟ್ಟಿ ಬುಟ್ಟಿ ಎಳೆದೊಯ್ದಿತು. ಅವನು ಪುಣೆಯ ಹೆಸರು ಎತ್ತಲಿಲ್ಲ. ಆಳಂದದ ಸುತ್ತ ಕೆಲಸ ಹಿಡಿದ, ಅದೂ ಮಾಳಿಗೆಯ ಮೇಲಿನದು, ಆಕಾಶ ಕಾಣುವಂಥದು ಮಾತ್ರ. ಕೋಣೆಯ ಒಳಗಿನ ಕೆಲಸವೆಂದರೆ ಸಾಮಾನು ಕಟ್ಟಿಕೊಂಡು ಮನೆಗೆ ಬರುತ್ತಿದ್ದ. ಏನಾಗಿದೆ ಎಂದು ಕೇಳಿದರೆ ಏನೂ ಇಲ್ಲ ಎನ್ನುತ್ತಿದ್ದ.

ಒಳಗಿದ್ದವರು ಮಾತ್ರ ಒಬ್ಬರನ್ನೊಬ್ಬರು ಬಿಡಲಿಲ್ಲ. ಫೋನಿನಲ್ಲಿ ಅವರದೊಂದು ಗ್ರೂಪ್ ಆಯಿತು. ಬಿಡುಗಡೆಯಾದ ದಿನದ ಸುಮಾರಿಗೆ ಪ್ರತಿ ವರ್ಷ ಜೂನ್‌ನಲ್ಲಿ ಅಫಜಲಪುರದ ಖಂಡಪ್ಪ ಎಂಬವನು ಎಲ್ಲರನ್ನೂ ತನ್ನ ಮನೆಗೆ ಊಟಕ್ಕೆ ಕರೆಯುತ್ತಿದ್ದ. ಅವನೂ ಆ ಲಾರಿಯಲ್ಲೇ ಬಂದವನು, ಈಗ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ. ಜಗದೇವ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುವುದನ್ನು ನೋಡಿ ಮೊದಲ ವರ್ಷ ರಮಾಬಾಯಿ ತಾನೂ ಬರಲೇ ಎಂದು ಕೇಳಿದಳು.

"ಅದು ಒಳಗಿದ್ದವರದ್ದು," ಎಂದ ಅವನು. "ನಿನಗ ತಿಳ್ಯಂಗಿಲ್ಲ."

ಅವನು ಸಿಟ್ಟಿನಿಂದ ಹೇಳಿರಲಿಲ್ಲ. ಆದರೆ ಆ ಮಾತು ಅವಳ ಎದೆಯಲ್ಲಿ ನಾಟಿತು. ಮೂವತ್ತೊಂದು ದಿನ ಬಿಸಿಲಲ್ಲಿ ಒಲೆ ಊದಿದವಳು ತಾನು, ಗೇಟಿನ ಹೊರಗೆ ನಿಂತು ಗಂಡನ ಮುಖದಲ್ಲಿ ಎಷ್ಟು ಎಲುಬು ಕಾಣುತ್ತಿವೆ ಎಂದು ನೋಡಿದವಳು ತಾನು. ಹಾಗೆ ಹೊರಗಿದ್ದವರಿಗೆ ಗ್ರೂಪಿಲ್ಲ, ಊಟವಿಲ್ಲ.

ಕೊರೊನಾದ ಎರಡನೆಯ ಅಲೆ ಇಳಿಯುತ್ತ ಬಂದಾಗ ಅವಳಿಗೆ ಕೆಮ್ಮು ಹತ್ತಿತು, ಮೈ ಸುಡತೊಡಗಿತು. ಯಾರ ಮುಂದೆಯೂ ಹೇಳಲಾಗದ ಒಂದು ಸಂತೋಷ ಅವಳಿಗೆ ಆಗ ಆಯಿತು. ಈಗ ನಾನೂ ಒಳಗಿನವಳಾದೆ, ಇನ್ನು ಇವನು ನನ್ನ ಬಾಜು ಕೂಡುತ್ತಾನೆ ಎಂದುಕೊಂಡಳು. ಜಗದೇವ ಮಗಳನ್ನು ಸರಸಂಬಾಕ್ಕೆ ಕಳಿಸಿ, ತಾನು ಊರಿನ ಬುದ್ಧವಿಹಾರದ ಪಡಸಾಲೆಗೆ ಹಾಸಿಗೆ ಒಯ್ದ. ಒಂಬತ್ತು ದಿನ ಡಬ್ಬಿ ತಂದು ಹೊಸ್ತಿಲ ಮೇಲಿಟ್ಟ, ದೂರ ಸರಿದು ನಿಂತ, ಅವಳು ಎತ್ತಿಕೊಂಡಳೋ ಇಲ್ಲವೋ ನೋಡಿ ಹೋದ. ಕಿಟಕಿಯಿಂದ ಅವಳಿಗೆ ಅವನ ಬೆನ್ನು ಕಾಣುತ್ತಿತ್ತು. ಅವನು ಫೋನು ಕಿವಿಗೆ ಹಿಡಿದು ಆ ಹೆಂಗಸಿನ ಜೊತೆ ಮಾತಾಡುತ್ತ ಹೋಗುತ್ತಿದ್ದ. ಜ್ವರ ಇಳಿಯಿತು. ಆ ಬೆನ್ನು ಅವಳ ಕಣ್ಣಿನಿಂದ ಇಳಿಯಲಿಲ್ಲ.

ಇದಾದ ಒಂದು ವರ್ಷಕ್ಕೆ, ಆಳಂದದ ಬಜಾರಿನಲ್ಲಿ ಬಾಳೆಹಣ್ಣು ಕೊಳ್ಳಲು ನಿಂತಾಗ ಗಾಡಿಯವನು ಅವಳನ್ನು ದಿಟ್ಟಿಸಿ ನೋಡಿ, ಜಗದೇವಣ್ಣನ ಮನೆಯವರಲ್ಲವೇ ಎಂದು ಕೇಳಿದ. ಅವನ ಹೆಸರು ಜಹೀರುದ್ದೀನ, ಅವನೂ ಆ ಶಾಲೆಯಲ್ಲಿದ್ದವನು. ನಿಮ್ಮ ಕೈಯೂಟ ಮರೆಯಲಾರೆನೆಂದು ಎರಡು ಹಣ್ಣು ಹೆಚ್ಚು ಹಾಕಿದ. ಆಮೇಲೆ ಮಾತಿಗೆ ಮಾತು ಸೇರಿಸುತ್ತ ಹೇಳಿದ:

"ಜ್ವರ ಬಂದಾಗ ನಿಮ್ಮ ಮನಿಯವರು ಉಳಿದಿದ್ದೇ ದೊಡ್ಡದು ನೋಡ್ರಿ ವೈನಿ. ನಾವೆಲ್ಲಾ ಹೆದರಿ ದೂರ ಆದ್ವಿ. ಆ ಪಂಚಶೀಲಾಬಾಯಿ ಒಬ್ಬಾಕಿನೇ ಬಾಜು ಕುಂತು ಚಮಚದ್ಲೆ ಗಂಜಿ ಕುಡಿಸಿದ್ಳು."

ರಮಾಬಾಯಿಗೆ ಯಾವ ಜ್ವರವೆಂದೇ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ಯಾರಿಗೋ ಮೈಯಲ್ಲಿ ಆರಾಮಿಲ್ಲ, ಎರಡು ದಿನ ಗಂಜಿ ಮಾಡಿ ಎಂದು ಹೋಮ್‌ಗಾರ್ಡ್ ಹೇಳಿದ್ದ. ಹತ್ತೊಂಬತ್ತು ಜನರ ಅಡಿಗೆಯ ಮೇಲೆ ಇದೊಂದು ಬೇರೆ ಎಂದು ಅವಳು ಭಾಗಮ್ಮನ ಮುಂದೆ ಗೊಣಗಿದ್ದಳು. ಆ ಎರಡು ದಿನ ಗಂಡ ಗೇಟಿನ ಕಡೆ ಬರದಿದ್ದರೂ, ನಿದ್ದೆ ಹತ್ತಿರಬೇಕೆಂದು ಸುಮ್ಮನಾಗಿದ್ದಳು. ಗಂಜಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂಬುದೂ ಈಗ ನೆನಪಿಲ್ಲ. ತನ್ನ ಗಂಡ ಸಾಯುವ ಹಾಗೆ ಬಿದ್ದಿದ್ದಾಗ ತಾನು ಬೇಯಿಸಿದ್ದನ್ನು ಇನ್ನೊಬ್ಬಳ ಕೈಯಿಂದ ಉಂಡಿದ್ದಾನೆ. ಮನೆಗೆ ಬಂದವಳೇ ಗಂಡನಿಗೆ, ನಿಮಗೆ ಜ್ವರ ಬಂದಿತ್ತಂತೆ ಎಂದಳು. ಸಾದಾ ಜ್ವರ, ದವಾಖಾನೆಯವರು ಟೈಫಾಯ್ಡ್ ಎಂದರು, ಇಳೀತು ಎಂದು ಹೇಳಿ ಅವನು ಎದ್ದು ಹೋದ.

ಅಂದಿನಿಂದ ಅವಳು ಸಣ್ಣ ಸಣ್ಣ ಕೆಲಸಗಳಿಗೆ ಇಳಿದಳು. ಆರು ಗಂಟೆಗೆ ಮುಂಚೆ ಅವನ ಚಾರ್ಜರ್ ಹಿಟ್ಟಿನ ಡಬ್ಬಿಯ ಹಿಂದೆ ಸೇರಿಸುತ್ತಿದ್ದಳು. ಅವನು ಮೈ ತೊಳೆಯಲು ಹೋದಾಗ ಫೋನು ತೆಗೆದು ನೋಡುತ್ತಿದ್ದಳು. ಅದರಲ್ಲಿ ಸಿಟ್ಟು ಮಾಡಬಹುದಾದ ಒಂದಕ್ಷರವೂ ಸಿಗದೆ ಇನ್ನಷ್ಟು ಸಿಟ್ಟಾಗುತ್ತಿದ್ದಳು. ಒಮ್ಮೆ ಅಫಜಲಪುರದಿಂದ ಬರುವಾಗ ಜಗದೇವ ಒಂದು ಕುಬಸ ತಂದು ಕೊಟ್ಟ. ಪಂಚಶೀಲಾ ಟೇಲರ್ ಕೆಲಸ ಮಾಡುತ್ತಾಳೆ, ಖಂಡಪ್ಪನ ಕೈಯಲ್ಲಿ ಕಳಿಸಿದ್ದಾಳೆ ಎಂದ. ತೊಟ್ಟು ನೋಡಿದರೆ ತೋಳು, ಬೆನ್ನು, ಎದೆ, ಎಲ್ಲ ಹೊಂದಿ ಕೂತಿತು. ಅಳತೆ ಯಾರು ಕೊಟ್ಟರು? ಕೇಳಿದರೆ, ನನಗೇನು ಗೊತ್ತು ಎಂದ. ಆ ಕುಬಸದಿಂದ ಅವಳು ಮೂರು ತಿಂಗಳು ಶಾಲೆಯ ಹಂಡೆ ಒರೆಸಿದಳು.

ಎರಡು ಸಾವಿರದ ಇಪ್ಪತ್ತನಾಲ್ಕರ ಆಗಸ್ಟಿನಲ್ಲಿ ಒಂದು ಶನಿವಾರ, ಅಡಿಗೆಯವರಿಗೆ ಆಳಂದದಲ್ಲಿ ತರಬೇತಿ ಇದೆಯೆಂದು ಮನೆಯಲ್ಲಿ ಸುಳ್ಳು ಹೇಳಿ ರಮಾಬಾಯಿ ಹೊರಟಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಕಾಲ. ಆಧಾರ್ ಕಾರ್ಡ್ ತೋರಿಸಿ ಕಲಬುರಗಿ, ಅಲ್ಲಿಂದ ಜೇವರ್ಗಿ. ಭೀಮಾ ನದಿಯ ಸೇತುವೆ ದಾಟುವಾಗ, ಹೋಗಿ ಏನು ಹೇಳಬೇಕೆಂದು ಇನ್ನೊಮ್ಮೆ ಹೊಂದಿಸಿಕೊಂಡಳು. ನಿನಗೆ ಗಂಡ ಇಲ್ಲವೇ, ನನ್ನ ಗಂಡನೇ ಬೇಕಿತ್ತೇ ಎಂಬಲ್ಲಿಂದ ಶುರು ಮಾಡುವುದೆಂದು ಗಟ್ಟಿ ಮಾಡಿಕೊಂಡಳು.

ಟೇಲರ್ ಪಂಚಶೀಲಾ ಎಂದು ಕೇಳಿದರೆ ಓಣಿಯವರು ತೋರಿಸಿದರು. ಬಾಗಿಲಲ್ಲಿ ಒಬ್ಬ ಮುದುಕಿ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಅವಳು ಅಂಬುಬಾಯಿ, ಪಂಚಶೀಲಾಳ ಅತ್ತೆ. ಬಟ್ಟೆ ಕೊಡುವವಳೆಂದು ತಿಳಿದು, ಇಲ್ಲೇ ನಿಂತು ಕೊಡವ್ವ, ಅವಳು ಹೊರಗೆ ಬರುವುದಿಲ್ಲ ಎಂದಳು. ಯಾಕೆಂದು ರಮಾಬಾಯಿ ಕೇಳಿದಳು.

ಒಳಗಿನ ಮಷಿನ್ ಸದ್ದು ನಿಂತಿತು. "ಅಕ್ಕಾ," ಎಂದಿತು ಒಂದು ದನಿ. "ನೀವು ಸಾಲ್ಯಾಗ ಅಡಿಗಿ ಮಾಡಿದ ಅಕ್ಕ ಅಲ್ರೀ?"

ಮುಖ ನೋಡದೆ ಗುರುತು ಹಿಡಿದಿದ್ದಳು. ದಿನಕ್ಕೆರಡು ಸಲ ಕೇಳಿದ ದನಿ, ಮರೆಯುವುದು ಹೇಗೆ ಎಂದು ಆಮೇಲೆ ಹೇಳಿದಳು. ಹೊಂದಿಸಿಕೊಂಡು ಬಂದ ಮಾತು ರಮಾಬಾಯಿಯ ಬಾಯಲ್ಲೇ ಉಳಿಯಿತು. ಒಳಗೆ ಹೋಗಿ ಕೂತಳು. ಪಂಚಶೀಲಾ ಮೂವತ್ತು ದಾಟಿದವಳು, ಬಿಸಿಲು ಕಾಣದೆ ಬಿಳಿಚಿಕೊಂಡಿದ್ದಳು. ಚಹಾ ಕೊಡುತ್ತ, ಕುಬಸ ಹೊಂದಿತೇ ಎಂದು ಕೇಳಿದಳು. ಅಳತೆ ಎಲ್ಲಿಂದ ಬಂತೆಂದು ರಮಾಬಾಯಿ ಬಿಗುವಾಗಿಯೇ ಕೇಳಿದಳು. ಒಂದು ತಿಂಗಳು ಗೇಟಿನಾಚೆ ನಿಂತಿದ್ದನ್ನು ನೋಡಿದ್ದೇನೆ, ಟೇಲರ್ ಕಣ್ಣಿಗೆ ಅಷ್ಟು ಸಾಕು ಎಂದಳು ಅವಳು.

ಹೊರಗೆ ಬರದಿರುವುದು ಯಾಕೆಂದು ಅಂಬುಬಾಯಿಯೇ ಹೇಳಿದಳು. ನೀನು ಮುಂದೆ ಹೋಗು, ನಾನು ಹಿಂದೆ ಬರುತ್ತೇನೆ ಎಂದು ಪುಣೆಯಲ್ಲಿ ಉಳಿದ ಅವಳ ಮಗ, ಪಂಚಶೀಲಾಳ ಗಂಡ, ಬರಲೇ ಇಲ್ಲ. ಅಲ್ಲೇ ಬೇರೆ ಸಂಸಾರ ಹೂಡಿದ. ಸೊಸೆ ಶಾಲೆಯಿಂದ ಬಿಡುಗಡೆಯಾಗಿ ಬಂದಾಗ ಓಣಿಯವರು ಮನೆಯ ಮುಂದೆ ಮುಳ್ಳುಕಂಟಿ ಒಟ್ಟಿದರು. ಹದಿನೈದು ದಿನ ಅತ್ತೆ ಸೊಸೆ ಇಬ್ಬರೂ ಒಳಗೇ. ನೀರಿನ ಕೊಡವನ್ನು ಕಂಟಿಯ ಮೇಲಿಂದ ದಾಟಿಸುತ್ತಿದ್ದರು. ಅದೇ ಓಣಿಯವರು ಆಮೇಲೆ ಕಂಟಿ ತೆಗೆದರು, ಈಗ ಬಟ್ಟೆ ಹೊಲಿಸಲು ಬರುತ್ತಾರೆ, ಹಬ್ಬಕ್ಕೆ ಕರೆಯುತ್ತಾರೆ. ಅಷ್ಟಾದರೂ ಹೊಸ್ತಿಲ ಹತ್ತಿರ ಹೋದರೆ ಇವಳಿಗೆ ಉಸಿರು ಕಟ್ಟುತ್ತದೆ.

"ನೀವು ದಿನಾ ಆರಕ್ಕ ಏನ್ ಮಾತಾಡ್ತೀರಿ?" ರಮಾಬಾಯಿ ಕೇಳಿಯೇಬಿಟ್ಟಳು.

"ಇವತ್ತ ಎಲ್ಲಿತನಕ ಹೋದಿ ಅಂತ ಅಣ್ಣ ಕೇಳ್ತಾರ. ಹೊಸ್ತಿಲತನಕ ಅಂತೇನಿ. ಇವತ್ತ ಚಿಲಕ ಹಾಕಿದ್ರೇನು ಅಂತ ನಾ ಕೇಳ್ತೇನಿ. ಇಲ್ಲ ಅಂತಾರ. ಇಬ್ರೂ ನಗ್ತೇವಿ."

"ಚಿಲಕಾ?"

ಪಂಚಶೀಲಾ ಅತ್ತೆಯ ಮುಖ ನೋಡಿದಳು, ಆಮೇಲೆ ನೆಲ ನೋಡುತ್ತ ಹೇಳಿದಳು. ಜಗದೇವನಿಗೆ ಜ್ವರ ಏರಿದ ದಿನ ಉಳಿದವರು ಅವನನ್ನು ಐದನೆಯ ತರಗತಿಯ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕಿದರು. ಹಾಕಿದ ಕೈ ಖಂಡಪ್ಪನದು. ಅರ್ಧ ದಿನ ಅವನು ನೀರು ನೀರು ಎಂದು ಬಾಗಿಲು ಬಡಿದ. ಕಡೆಗೆ ಅವಳು ಹೋಗಿ ಚಿಲಕ ತೆಗೆದಳು, ಯಾರೂ ಮತ್ತೆ ಹಾಕಬಾರದೆಂದು ಎರಡು ದಿನ ಹೊಸ್ತಿಲ ಮೇಲೇ ಕೂತಳು. ಎಲ್ಲರೂ ಅವಳನ್ನೂ ಬೈದರು. ಖಂಡಪ್ಪ ಪ್ರತಿ ವರ್ಷ ಕರೆದು ಉಣಿಸುವುದು ಆ ತಪ್ಪಿಗಾಗಿ. ಜಗದೇವ ಹೋಗುತ್ತಾನೆ, ಉಣ್ಣುತ್ತಾನೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ರಮಾಬಾಯಿಯ ಕಣ್ಣು ತುಂಬಿದವು. ಅದರ ಜೊತೆಗೇ ಹೊಟ್ಟೆಯಲ್ಲಿ ಹಳೆಯ ಕಿಚ್ಚೂ ಎದ್ದಿತು. ಈ ಮಾತು ನಾಲ್ಕು ವರ್ಷ ಇವಳ ಹತ್ತಿರ ಇತ್ತು, ತನ್ನ ಹತ್ತಿರ ಇರಲಿಲ್ಲ. ಗಾಳಿ ಬೇಕು ಎಂಬ ಸುಳ್ಳು ತನಗೆ, ನಿಜ ಇವಳಿಗೆ.

"ನನಗ್ಯಾಕ ಹೇಳಲಿಲ್ಲ ಅವರು?"

"ಅವಾಗ ಹೇಳಿದ್ರ ನೀವು ಗೇಟಿನ ಮುಂದ ಕುಂತು ಅಳ್ತೀರಿ ಅಂತ ಹೇಳಲಿಲ್ಲ. ಆಮ್ಯಾಲ ನಾಚಿಕಿ, ಅಕ್ಕಾ. ಬಾಗಲಾ ಬಡ್ಕೊಂಡು ಅತ್ತಿದ್ದು ಹೆಂಡ್ತಿಗಿ ಹ್ಯಾಂಗ ಹೇಳೋದು?"

ಆಮೇಲೆ ಪಂಚಶೀಲಾ ತಾನಾಗಿಯೇ ಇನ್ನೊಂದು ಹೇಳಿದಳು. ಆ ಮೂವತ್ತೊಂದು ದಿನ ತನಗಾಗಿ ಗೇಟಿಗೆ ಯಾರೂ ಬರಲಿಲ್ಲ, ಫೋನು ಕೂಡ ಬರಲಿಲ್ಲ. ಅಣ್ಣನ ಹೆಂಡತಿ ಮಾತ್ರ ದಿನಾ ಬಂದು ನಿಲ್ಲುವುದನ್ನು ನೋಡಿ ತನ್ನ ಹೊಟ್ಟೆ ಉರಿಯುತ್ತಿತ್ತು.

"ಅನ್ನ ಎಲ್ಲಾರಿಗೂ ಒಂದೇ. ಹಿಂಡಿ ಪುಡಕಿ ಮಾತ್ರ ಅವರೊಬ್ಬರಿಗಿ. ಒಂದಿನ ನಾನೇ ಕದ್ದು ತಿಂದೆ, ಇವತ್ತ ಬಂದಿಲ್ಲ ಅಂತ ಸುಳ್ಳು ಹೇಳಿದೆ. ಮನಿಯಾಕಿ ಸಿಟ್ಟಾಗ್ಯಾಳ ಅಂತ ಅಣ್ಣ ಅವತ್ತ ಉಣ್ಣಲಿಲ್ಲ."

ರಮಾಬಾಯಿಗೆ ನಗು ಬಂತು. ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡಳು. ತನ್ನ ಮೇಲೆಯೂ ಒಬ್ಬಳು ಹೊಟ್ಟೆಕಿಚ್ಚು ಪಟ್ಟಿದ್ದಾಳೆ ಎಂಬುದು ಅವಳಿಗೆ ಮದ್ದು ಹಚ್ಚಿದಂತೆ ತಂಪಾಯಿತು. ಹೊರಡುವಾಗ ಪಂಚಶೀಲಾಳ ನಂಬರನ್ನು ತನ್ನ ಫೋನಿನಲ್ಲಿ ಹಾಕಿಸಿಕೊಂಡಳು, ತಾನು ಬಂದದ್ದನ್ನು ಗಂಡನಿಗೆ ಹೇಳಬಾರದೆಂದು ಮಾತೂ ತೆಗೆದುಕೊಂಡಳು.

ಮೊದಲ ಸಲ ಅವಳು ಆ ನಂಬರಿಗೆ ಫೋನು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲ್ಲ. ಆರಕ್ಕೆ ಐದು ನಿಮಿಷ ಇರುವಾಗ ಹಚ್ಚಿ, ಏನು ಅಡಿಗೆ, ಮಳೆ ಬಂತೇ ಎಂದು ಎಳೆದಳು. ಬೋರಿನ ಕಟ್ಟೆಯಿಂದ ಜಗದೇವ ಬೇಗ ವಾಪಸು ಬಂದು, ಬಿಜಿ ಬರುತ್ತಿದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಅವಳು ಒಲೆಯ ಕಡೆ ಮುಖ ಮಾಡಿಕೊಂಡು ಫೋನನ್ನು ಸೆರಗಿನಲ್ಲಿ ಮುಚ್ಚಿಟ್ಟಳು. ಅಂದಿನ ರೊಟ್ಟಿ ಒಂದೂ ಹರಿಯಲಿಲ್ಲ. ಮರುದಿನವೂ ಹಾಗೇ ಮಾಡಿದಳು, ಅದರ ಮರುದಿನವೂ.

ಆದರೆ ದಿನಾ ಮಾತಾಡಲು ಏನಾದರೂ ಬೇಕಲ್ಲ. ಒಂದು ದಿನ, ಮಕ್ಕಳನ್ನು ಸಾಲಿನಲ್ಲಿ ಕೂಡಿಸುವ ದನಿಯಲ್ಲೇ ಅವಳು ಹೇಳಿದಳು: "ಫೋನ್ ಕಿವಿಗಿ ಹಿಡ್ಕೊಂಡೇ ಹೊಸ್ತಿಲ ದಾಟು. ನಾ ಮಾತಾಡ್ತಾ ಇರ್ತೇನಿ. ಪುಂಡಿಪಲ್ಯ ಮಾಡೋದು ಹೇಳ್ತೇನಿ, ಕೇಳ್ಕೋತ ನಡಿ." ಪಂಚಶೀಲಾ ಎರಡು ಹೆಜ್ಜೆ ಇಟ್ಟು ಏದುಸಿರು ಬಿಡುತ್ತ ವಾಪಸಾದಳು. ಮರುದಿನ ನಾಲ್ಕು ಹೆಜ್ಜೆ. ನಡುವೆ ಒಂದು ವಾರ ಒಂದು ಹೆಜ್ಜೆಯೂ ಇಲ್ಲ, ಫೋನೇ ಎತ್ತಲಿಲ್ಲ. ಆ ವಾರ ರಮಾಬಾಯಿ ಶಾಲೆಯಲ್ಲಿ ಎರಡು ಸಲ ಸಾರಿಗೆ ಉಪ್ಪು ಮರೆತಳು. ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಪಂಚಶೀಲಾ ಓಣಿಯ ಕೊನೆಯ ಕಿರಾಣಿ ಅಂಗಡಿಯತನಕ ಹೋಗಿ ಬಂದಳು. ಅಂಗಡಿಯವನು ಏನು ಬೇಕೆಂದು ಕೇಳುವುದೂ, ಅವಳು ನಡುಗುವ ದನಿಯಲ್ಲಿ ಸೂಜಿದಾರ ಎನ್ನುವುದೂ ಫೋನಿನಲ್ಲಿ ಕೇಳಿಸಿತು.

ರಮಾಬಾಯಿಯ ಎದೆ ಉಬ್ಬಿತು. ಅದರಲ್ಲಿ ಕರುಣೆ ಎಷ್ಟು, ಗೆಲುವು ಎಷ್ಟು ಎಂದು ಕೇಳಿದರೆ ಅವಳು ಸುಳ್ಳು ಹೇಳುವುದಿಲ್ಲ. ನಾಲ್ಕು ವರ್ಷ ಅವನ ಫೋನಿಗೆ ಹೊಸ್ತಿಲು ದಾಟದವಳು ಮೂರು ತಿಂಗಳಲ್ಲಿ ನನ್ನ ಫೋನಿಗೆ ದಾಟಿದಳು ಎಂಬುದೇ ಮೊದಲು ಅವಳ ಮನಸ್ಸಿಗೆ ಬಂದದ್ದು.

ಅದನ್ನು ಗಂಡನಿಗೆ ಹೇಳದೆ ಇರಲು ಆಗಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತಿದ್ದ. ಪಂಚಶೀಲಾ ಇಂದು ಅಂಗಡಿಗೆ ಹೋಗಿದ್ದಳು ಎಂದಳು. ಅವನು ತಿರುಗಿ ನೋಡಿದ. ಅವಳು ಎಲ್ಲವನ್ನೂ ಹೇಳಿದಳು, ಜೇವರ್ಗಿಗೆ ಹೋದದ್ದು, ಚಿಲಕದ ವಿಷಯ, ದಿನಾ ಆರಕ್ಕೆ ಐದು ನಿಮಿಷ ಇರುವಾಗ ಫೋನು ಮಾಡುತ್ತಿದ್ದದ್ದು.

"ಆಕಿ ಹೇಳಬಾರದಿತ್ತು."

"ನೀವು ಹೇಳಬೇಕಾಗಿತ್ರಿ," ಎಂದಳು ಅವಳು. ಆಮೇಲೆ, ಮೂರು ವರ್ಷದಿಂದ ಗಂಟಲಲ್ಲಿದ್ದದ್ದನ್ನೂ ಕೇಳಿದಳು. "ನನಗ ಕೆಮ್ಮು ಬಂದಾಗ ಯಾಕ ಒಳಗ ಬರಲಿಲ್ಲ? ನಿಮ್ಮ ಬಾಜು ಒಬ್ಬಾಕಿ ಕುಂತಿದ್ಳು. ನನ್ನ ಬಾಜು ಯಾರಿದ್ರು?"

ಜಗದೇವ ಚಪ್ಪಲಿಗೆ ಕಾಲು ತೂರಿಸಿದ. ಎದ್ದು ಹೋಗುತ್ತಾನೆಂದು ಅವಳು ತಿಳಿದಳು.

"ದಿನಾ ಒಳಗ ಬರಬೇಕು ಅಂತಲೇ ಬರ್ತಿದ್ದೆ," ಎಂದ ಕೊನೆಗೆ. "ನಿನ್ನ ಕೆಮ್ಮು ಕೇಳಿದ್ರ ನನ್ನ ಕೈ ತಾನೇ ಚಿಲಕದ ಕಡಿ ಹೋಗ್ತಿತ್ತು. ಹೊರಗಿಂದ ಹಾಕಿ ಬಿಡಬೇಕು ಅನಸ್ತಿತ್ತು. ಖಂಡಪ್ಪ ಮಾಡಿದ್ದು ನಾನೂ ಮಾಡ್ತೇನಿ ಅಂತ ಹೆದರಿ ವಿಹಾರಕ್ಕ ಓಡಿ ಹೋದೆ."

ಇದನ್ನೂ ಅವನು ಆ ದಿನಗಳಲ್ಲೇ ಪಂಚಶೀಲಾಳಿಗೆ ಹೇಳಿದ್ದನಂತೆ. ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ, ಅವನೂ ಕೇಳಲಿಲ್ಲ. ಹನ್ನೆರಡು ದಿನ ಇಬ್ಬರ ನಡುವೆ ಉಪ್ಪು ಕೊಡು, ನೀರು ಕೊಡು ಎಂಬಷ್ಟೇ ಮಾತು. ಹದಿಮೂರನೆಯ ದಿನ ಅವನು ತಾಟು ತೆಗೆದುಕೊಂಡು ಮೆಟ್ಟಿಲಿಗೆ ಹೋಗದೆ ಬಾಗಿಲ ಒಳಗೆ, ಗೋಡೆಗೆ ಬೆನ್ನು ಹಚ್ಚಿ ಕೂತು ಉಂಡ. ಬಾಗಿಲು ತೆರೆದೇ ಇತ್ತು. ಅವಳು ಏನೂ ಅನ್ನದೆ ಇನ್ನೊಂದು ರೊಟ್ಟಿ ಹಾಕಿದಳು.

ಮರುವರ್ಷದ ಏಪ್ರಿಲ್‌ನಲ್ಲಿ, ಬಾಬಾಸಾಹೇಬರ ಜಯಂತಿಯ ದಿನ, ಪಂಚಶೀಲಾ ಅತ್ತೆಯ ಕೈ ಹಿಡಿದು ಎರಡು ಬಸ್ಸು ಬದಲಿಸಿ ಅವರ ಊರಿಗೆ ಬಂದಳು. ಕರೆದವಳು ರಮಾಬಾಯಿಯೇ. ಶಾವಿಗೆ ಪಾಯಸ, ಬದನೆಕಾಯಿ ಎಣ್ಣೆಗಾಯಿ ಎಲ್ಲ ಮಾಡಿದ್ದಳು. ಬಿಳಿ ಸೀರೆ ಉಟ್ಟು, ಬೆವೆತು, ಅಂಜುತ್ತ ಒಳಗೆ ಬಂದವಳು ಜೈಭೀಮ ಎಂದು ಕೈ ಮುಗಿದಾಗ ರಮಾಬಾಯಿಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಜಗದೇವ ಪಕ್ಕದ ಮನೆಯಿಂದ ಕುರ್ಚಿ ತಂದ. ಹೆಗಲ ಟವೆಲಿನಿಂದ ಅದರ ಕೈ, ಬೆನ್ನು, ಕಾಲು ಎಲ್ಲ ಒರೆಸಿ, ಫ್ಯಾನಿನ ಕೆಳಗೆ ಸರಿಸಿ, ಕೂಡವ್ವಾ ಎಂದ. ಹದಿನೆಂಟು ವರ್ಷದ ಸಂಸಾರದಲ್ಲಿ ತನಗೆ ಯಾವತ್ತಾದರೂ ಕುರ್ಚಿ ಒರೆಸಿಕೊಟ್ಟಿದ್ದಾನೆಯೇ ಎಂದು ರಮಾಬಾಯಿ ಅಡಿಗೆಮನೆಯಲ್ಲಿ ನಿಂತು ನೆನೆದಳು. ಒಂದೂ ಸಿಗಲಿಲ್ಲ. ಪಾಯಸವನ್ನು ಪಂಚಶೀಲಾಳ ಬಟ್ಟಲಿಗೆ ಮೊದಲು ಹಾಕಬೇಕೆಂದಿದ್ದವಳು ಅಂಬುಬಾಯಿಗೆ ಮೊದಲು ಹಾಕಿದಳು.

ಊಟವಾದ ಮೇಲೆ ಜೂನ್ ತಿಂಗಳ ಮಾತು ಬಂತು. ಈ ಸಲ ನೀನೂ ಅಫಜಲಪುರಕ್ಕೆ ಬಾ ಎಂದು ಜಗದೇವ ಎಲ್ಲರ ಮುಂದೆ ಹೆಂಡತಿಗೆ ಹೇಳಿದ. ನಾಲ್ಕು ವರ್ಷ ಆಸೆಪಟ್ಟ ಕರೆ ಅದು. ಖಂಡಪ್ಪನ ಮನೆಯ ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ನೀವು ಹೋಗಿ ಬನ್ನಿ ಎಂದಳು ಅವಳು. ಅದನ್ನು ಕೇಳಿ ಪಂಚಶೀಲಾ, ಹಾಗಾದರೆ ನಾನೂ ಹೋಗುವುದಿಲ್ಲ ಎಂದಳು. ಹಿಂದಿನ ವರ್ಷಗಳಲ್ಲೂ ಅವಳು ಹೋದವಳಲ್ಲ, ಮನೆ ಬಿಟ್ಟರೆ ತಾನೇ. ಆದರೂ ರಮಾಬಾಯಿಗೆ ಆ ಮಾತು ಹಿತವಾಗಿತ್ತು.

ನಾಲ್ಕರ ಬಸ್ಸಿಗೆ ಅವರನ್ನು ಹತ್ತಿಸಲು ಜಗದೇವ ಚಪ್ಪಲಿ ಹುಡುಕುತ್ತಿದ್ದ. ನೀವು ಕೂಡ್ರಿ, ನಾನು ಬಿಟ್ಟು ಬರುತ್ತೇನೆ ಎಂದು ರಮಾಬಾಯಿ ಮುಂದಾದಳು. ರಸ್ತೆಯಲ್ಲಿ ಜಯಂತಿಯ ಮೆರವಣಿಗೆ ಎದುರಾಯಿತು. ಹಲಗೆಯ ಸದ್ದು, ನೀಲಿ ಬಾವುಟ, ಕಾಲಿಡಲು ಜಾಗವಿಲ್ಲದಷ್ಟು ಜನ. ಪಂಚಶೀಲಾಳ ಮುಖ ಬಿಳಿಚಿತು. ಅವಳು ರಮಾಬಾಯಿಯ ತೋಳನ್ನು ಎರಡೂ ಕೈಯಿಂದ ಅವುಚಿ ಹಿಡಿದಳು. ಮೆರವಣಿಗೆ ದಾಟುವತನಕ ಮೂವರೂ ಒಂದು ಗೋಡೆಗೆ ಒರಗಿ ನಿಂತರು. ರಮಾಬಾಯಿ ಅವಳ ಕಿವಿಯ ಹತ್ತಿರ ಬಾಯಿ ತಂದು, ಎಣ್ಣೆಗಾಯಿಗೆ ಮಸಾಲೆ ಹುರಿಯುವುದು ಹೇಗೆಂದು ಮೊದಲಿನಿಂದ ಕೊನೆಯತನಕ ಹೇಳಿದಳು. ಬಸ್ಸು ಬಂತು. ಕಿಟಕಿಯ ಸೀಟು ಸಿಕ್ಕಿತು.

ಮನೆಗೆ ಬಂದಾಗ ಜಗದೇವ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಸೀಟು ಸಿಕ್ಕಿತೇ, ಹೆದರಲಿಲ್ಲವಷ್ಟೇ ಎಂದು ಕೇಳಿದ. ಸಿಕ್ಕಿತು ಎಂದಷ್ಟೇ ಹೇಳಿದಳು. ಅವಳ ತೋಳಿನ ಮೇಲೆ ನಾಲ್ಕು ಉಗುರಿನ ಕೆಂಪು ಗುರುತು ಎದ್ದಿದ್ದವು. ಅದೇನೆಂದು ಅವನು ಬಗ್ಗಿ ನೋಡಿದ.

ಏನೂ ಇಲ್ಲ ಎಂದು ರಮಾಬಾಯಿ ತೋಳಿನ ಮೇಲೆ ಸೆರಗು ಹೊದ್ದುಕೊಂಡು ಒಳಗೆ ನಡೆದಳು. ಅಷ್ಟನ್ನಾದರೂ ಅವನಿಗೆ ಪಾಲು ಕೊಡಲು ಅವಳಿಗೆ ಮನಸ್ಸಾಗಲಿಲ್ಲ.